ಹಳ್ಳದ ಪಾಚಿ: ಬಿಸಿಲು, ಮೇಯುವ ಜೀವಿಗಳು ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಹಳ್ಳದಲ್ಲಿ ಕಾಲಿಟ್ಟು ಜಾರಿ ಬಿದ್ದವರಿಗೆಲ್ಲ ಪಾಚಿಯ ಪರಿಚಯ ಇದ್ದೇ ಇರುತ್ತದೆ. ಅದೇ ಹಳ್ಳದಲ್ಲಿ ಹತ್ತು ಹೆಜ್ಜೆ ಮುಂದೆ ಹೋದರೆ ಕಲ್ಲು ಒರಟಾಗಿ, ಬೋಳಾಗಿ ಇರುತ್ತದೆ. ಯಾಕೆ ಅಂತ ಕೇಳಿದರೆ ಹೆಚ್ಚಿನವರು ಬಿಸಿಲಿನ ಕಡೆ ಬೆರಳು ತೋರಿಸುತ್ತಾರೆ. ಅದು ಅರ್ಧ ಉತ್ತರ. ಉಳಿದರ್ಧ ಕಲ್ಲಿನ ಅಡಿಯಲ್ಲಿ ಅವಿತು ಕೂತಿರುತ್ತದೆ.

ಪಾಚಿ ಅಂದರೆ ಇಲ್ಲಿ ಯಾವುದು? ಹಸಿರು ಲೋಳೆ ತಾನೇ?

ಹಸಿರು ಲೋಳೆಯೂ ಹೌದು, ಆದರೆ ಬರೀ ಅದೇ ಅಲ್ಲ. ಕಲ್ಲಿನ ಮೇಲೆ ತೆಳ್ಳಗೆ ಕಂದು ಬಣ್ಣದ ಪದರ ಇರುತ್ತದಲ್ಲ, ಕೆಸರು ಅಂದುಕೊಂಡು ನಾವು ಗಮನಿಸದೇ ಬಿಡುವಂಥದ್ದು, ಅದರಲ್ಲಿ ಹೆಚ್ಚಿನ ಪಾಲು ಡಯಾಟಮ್‌ಗಳು. ಒಂದೇ ಕೋಶದ ಪಾಚಿ, ಮೈಗೆ ಗಾಜಿನಂಥ ಚಿಪ್ಪು. ಕೂದಲಿನ ಹಾಗೆ ನೀರಲ್ಲಿ ತೇಲಾಡುವುದು ನೂಲು ಪಾಚಿ. ಕಡು ಹಸಿರು, ಕೆಲವೊಮ್ಮೆ ಕಪ್ಪು ಚರ್ಮದ ಹಾಗೆ ಅಂಟಿಕೊಂಡಿರುವುದು ಸಯನೋಬ್ಯಾಕ್ಟೀರಿಯಾ. ಅದು ನಿಜಕ್ಕೂ ಬ್ಯಾಕ್ಟೀರಿಯಾ, ಆದರೂ ಎಲ್ಲರೂ ನೀಲಿಹಸಿರು ಪಾಚಿ ಅಂತಲೇ ಕರೆಯುತ್ತಾರೆ.

ಹಳ್ಳದ ಪ್ರಾಣಿಗಳ ಬಾಯಿಗೆ ರುಚಿಸುವುದು ಮುಖ್ಯವಾಗಿ ಆ ಕಂದು ಪದರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿಸಿಲು ಜಾಸ್ತಿ ಆದರೆ ಪಾಚಿ ಜಾಸ್ತಿ, ಅಷ್ಟೇ ಅಲ್ವಾ?

ಒಂದು ಮಟ್ಟದ ತನಕ ಅಷ್ಟೇ. ನಡು ಮಧ್ಯಾಹ್ನದ ಬಯಲು ಬಿಸಿಲನ್ನು ಗಿಡಗಳ ಲೆಕ್ಕದಲ್ಲಿ ಅಳೆದರೆ ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್ ಬೆಳಕು ಸಿಗುತ್ತದೆ. ಹಳ್ಳದ ಪಾಚಿಗೆ ಅಷ್ಟೆಲ್ಲ ಬೇಕಾಗಿಲ್ಲ. ಸಾಮಾನ್ಯವಾಗಿ 100ರಿಂದ 400ರ ಒಳಗೆ ಅದರ ಹೊಟ್ಟೆ ತುಂಬಿಬಿಡುತ್ತದೆ. ಅದಕ್ಕಿಂತ ಮೇಲೆ ಎಷ್ಟು ಬಿಸಿಲು ಸುರಿದರೂ ಬೆಳವಣಿಗೆ ಅದೇ ಲೆಕ್ಕದಲ್ಲಿ ಏರುವುದಿಲ್ಲ.

ಹಾಗಾಗಿ ಕತ್ತಲಿನಂಥ ಹಳ್ಳಕ್ಕೆ ಸ್ವಲ್ಪ ಬೆಳಕು ಬಿದ್ದರೆ ಆಗುವ ಬದಲಾವಣೆ ತುಂಬ ದೊಡ್ಡದು. ಅರ್ಧ ಬಿಸಿಲಿರುವ ಹಳ್ಳವನ್ನು ಪೂರ್ತಿ ಬಯಲು ಮಾಡಿದರೆ ಬೆಳವಣಿಗೆಯಲ್ಲಿ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಬರೀ ಬೆಳಕಿನ ಮಟ್ಟಿಗೆ ಹೇಳುತ್ತಿದ್ದೇನೆ. ನೀರು ಬಿಸಿಯಾಗುವುದು ಬೇರೆ ಕಥೆ, ಅದು ಕೆಳಗಿದೆ.

ದಟ್ಟ ಕಾಡಿನ ಹಳ್ಳದಲ್ಲಿ ಬಿಸಿಲೇ ಬೀಳುವುದಿಲ್ಲ. ಅಲ್ಲಿ ಪಾಚಿ ಬದುಕುವುದು ಹೇಗೆ?

ಇದ್ದದ್ದರಲ್ಲೇ ಸಂಸಾರ ಮಾಡಿಕೊಂಡು. ನೆರಳಿನ ಪಾಚಿ ತನ್ನ ಕೋಶದಲ್ಲಿ ಕ್ಲೋರೋಫಿಲ್ ಜಾಸ್ತಿ ತುಂಬಿಕೊಳ್ಳುತ್ತದೆ, ಬಿದ್ದ ಚೂರು ಬೆಳಕನ್ನೂ ಬಿಡಬಾರದು ಅಂತ. ಎಲೆಗಳ ಸಂದಿಯಿಂದ ಇಳಿಯುವ ಬಿಸಿಲಿನ ಕೋಲು ಒಂದೆರಡು ನಿಮಿಷ ಕಲ್ಲಿನ ಮೇಲೆ ನಿಂತು ಹೋದರೂ ಅದಕ್ಕೆ ದಿನದ ದೊಡ್ಡ ಸಂಪಾದನೆ.

ಎಲೆ ಉದುರುವ ಕಾಡುಗಳಲ್ಲಿ ಇನ್ನೊಂದು ಕಿಟಕಿ ತೆರೆದುಕೊಳ್ಳುತ್ತದೆ. ಅಮೆರಿಕದ ಟೆನೆಸ್ಸಿಯಲ್ಲಿ ವಾಕರ್ ಬ್ರಾಂಚ್ ಅನ್ನುವ ಸಣ್ಣ ಹಳ್ಳ ಇದೆ. ಹಳ್ಳದ ಪಾಚಿಯ ಬಗ್ಗೆ ಇವತ್ತು ಗೊತ್ತಿರುವುದರಲ್ಲಿ ಒಂದು ಒಳ್ಳೆಯ ಪಾಲು ಅಲ್ಲಿಂದಲೇ ಬಂದಿದೆ. ಚಳಿ ಕಳೆದು, ಮರಗಳು ಇನ್ನೂ ಚಿಗುರದೆ ಇರುವ ಕೆಲವು ವಾರ ಅಲ್ಲಿನ ನೀರಿಗೆ ನೇರ ಬಿಸಿಲು ಬೀಳುತ್ತದೆ. ಪಾಚಿಗೆ ಅದೇ ಸುಗ್ಗಿ. ಎಲೆ ಬಿಟ್ಟು ಮೇಲೆ ಚಪ್ಪರ ಕಟ್ಟಿದ ಕೂಡಲೇ ಸುಗ್ಗಿ ಮುಗಿಯಿತು.

ಹಾಗಂತ ಕಾಡಿನ ಹಳ್ಳದ ಜೀವಿಗಳೆಲ್ಲ ಪಾಚಿ ನಂಬಿಕೊಂಡೇ ಬದುಕುತ್ತವೆ ಅಂದುಕೊಳ್ಳಬೇಡಿ. ನ್ಯೂ ಹ್ಯಾಂಪ್‌ಶೈರ್‌ನ ಬೇರ್ ಬ್ರೂಕ್ ಅನ್ನುವ ನೆರಳಿನ ಹಳ್ಳದ ಲೆಕ್ಕ 1973ರಲ್ಲಿ ಪ್ರಕಟವಾಯಿತು. ಅಲ್ಲಿನ ಶಕ್ತಿಯಲ್ಲಿ 99%ಕ್ಕಿಂತ ಹೆಚ್ಚು ಬರುತ್ತಿದ್ದುದು ಸುತ್ತಲಿನ ಕಾಡಿನಿಂದ, ಅಂದರೆ ಉದುರಿದ ಎಲೆ, ಕಡ್ಡಿ, ಕಸದಿಂದ.

ನಮ್ಮ ಹಳ್ಳಕ್ಕೆ ಚೆನ್ನಾಗಿ ಬಿಸಿಲು ಬೀಳುತ್ತದೆ. ಆದರೂ ಕಲ್ಲು ಬೋಳು. ಬೆಳಕಿನ ಲೆಕ್ಕ ಸುಳ್ಳಾ?

ನನಗೆ ಅತಿ ಇಷ್ಟವಾದ ಪ್ರಶ್ನೆ ಇದು.

ದನ ಮೇಯುವ ಹುಲ್ಲುಗಾವಲು ನೋಡಿದ್ದೀರಲ್ಲ. ಹುಲ್ಲು ನೆಲಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ನೋಡಿ ಇಲ್ಲಿ ಹುಲ್ಲೇ ಬೆಳೆಯುವುದಿಲ್ಲ ಅಂತ ಯಾರೂ ಹೇಳುವುದಿಲ್ಲ, ದನಗಳ ಮೈ ನೋಡಿದರೆ ಗೊತ್ತಾಗುತ್ತದೆ ಎಷ್ಟು ಬೆಳೆಯುತ್ತಿದೆ ಅಂತ. ಹಳ್ಳದಲ್ಲೂ ಅದೇ ಕಥೆ, ದನದ ಜಾಗದಲ್ಲಿ ಬಸವನಹುಳು, ಕೀಟದ ಮರಿ, ಮೀನು, ಗೊದಮೊಟ್ಟೆ. ಕಲ್ಲಿನ ಮೇಲೆ ನಿಮಗೆ ಕಾಣುವುದು ಬೆಳೆದದ್ದರಲ್ಲಿ ತಿಂದು ಉಳಿದದ್ದು ಮಾತ್ರ. ಬೆಳೆಯುವ ವೇಗ ಒಂದು, ಉಳಿದ ರಾಶಿ ಇನ್ನೊಂದು. ಎರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಈ ವಿಷಯದಲ್ಲಿ ಮುಕ್ಕಾಲು ಪಾಲು ಗೊಂದಲ.

ಪನಾಮಾದ ರಿಯೊ ಫ್ರಿಹೋಲೆಸ್ ಅನ್ನುವ ಹೊಳೆಯಲ್ಲಿ ಮೇರಿ ಪವರ್ ಎಂಬ ವಿಜ್ಞಾನಿ ಇದನ್ನು ಕಣ್ಣಾರೆ ಕಂಡರು. ಅಲ್ಲಿ ಮೈಮೇಲೆ ಗಟ್ಟಿ ಕವಚ ಇರುವ ಒಂದು ಬಗೆಯ ಕ್ಯಾಟ್‌ಫಿಶ್ ಪಾಚಿ ಕೆರೆದು ತಿನ್ನುತ್ತದೆ. ಬಿಸಿಲಿನ ಮಡುವಿನಲ್ಲಿ ಪಾಚಿ ಬೇಗ ಬೆಳೆಯುತ್ತಿತ್ತು, ನೆರಳಿನ ಮಡುವಿನಲ್ಲಿ ನಿಧಾನ. ಆದರೆ ಕಲ್ಲಿನ ಮೇಲೆ ಉಳಿದ ಪಾಚಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಯಾಕೆಂದರೆ ಬಿಸಿಲಿನ ಮಡುವಿನಲ್ಲಿ ಮೀನುಗಳೂ ಅಷ್ಟೇ ಜಾಸ್ತಿ ಇದ್ದವು. ಊಟ ಎಲ್ಲಿ ಬೇಗ ತಯಾರಾಗುತ್ತದೋ ಅಲ್ಲಿಗೆ ಅದರ ತಕ್ಕಷ್ಟು ಬಾಯಿಗಳು ಬಂದು ಸೇರಿಕೊಂಡಿದ್ದವು. ಹೆಚ್ಚಿನ ಬಿಸಿಲೆಲ್ಲ ಪಾಚಿಯ ದಪ್ಪವಾಗಿ ಕಾಣುವ ಬದಲು ಮೀನಿನ ಲೆಕ್ಕದಲ್ಲಿ ಕಾಣಿಸಿಕೊಂಡಿತ್ತು.

ಇನ್ನೊಂದು ಮಜಾ ಇದೆ. ಆ ಮಡುಗಳ ಅಂಚಿನಲ್ಲಿ, ನೀರು ಸುಮಾರು 20 ಸೆಂಟಿಮೀಟರಿಗಿಂತ ಕಡಿಮೆ ಇರುವ ಕಡೆ, ಪಾಚಿ ದಪ್ಪ ಪಟ್ಟಿಯಾಗಿ ಬೆಳೆದಿರುತ್ತಿತ್ತು. ದೊಡ್ಡ ಮೀನುಗಳು ಹಸಿದಿದ್ದರೂ ಅಲ್ಲಿಗೆ ಬರುತ್ತಿರಲಿಲ್ಲ. ತೆಳು ನೀರಿಗೆ ಬಂದರೆ ಬಕಪಕ್ಷಿಯೋ ಮಿಂಚುಳ್ಳಿಯೋ ಎತ್ತಿಕೊಂಡು ಹೋಗುತ್ತದೆ. ಹಾಗಾಗಿ ಆ ಹಸಿರು ಪಟ್ಟಿಗೆ ಕಾರಣ ಬೆಳಕೂ ಅಲ್ಲ, ಗೊಬ್ಬರವೂ ಅಲ್ಲ. ಹಕ್ಕಿಯ ಭಯ!

ಯಾರ್ಯಾರು ಮೇಯುತ್ತಾರೆ? ಎಲ್ಲರೂ ಒಂದೇ ತರಹ ತಿನ್ನುತ್ತಾರಾ?

ಬಾಯಿ ಬೇರೆ ಬೇರೆ, ಹಾಗಾಗಿ ಕಲ್ಲಿನ ಮೇಲೆ ಉಳಿಯುವುದೂ ಬೇರೆ ಬೇರೆ. ಬಸವನಹುಳುವಿಗೆ ಅರದಂಥ ನಾಲಿಗೆ ಇದೆ, ಸಾಲು ಸಾಲು ಪುಟ್ಟ ಹಲ್ಲು. ಅದು ಕಲ್ಲನ್ನು ಉಜ್ಜಿ ಉಜ್ಜಿ ತಿನ್ನುತ್ತದೆ. ಕ್ಯಾಡಿಸ್ ಅನ್ನುವ ಕೀಟದ ಮರಿಗಳಲ್ಲಿ ಕೆಲವು ಮರಳಿನ ಕಾಳು ಅಂಟಿಸಿ ಸಣ್ಣ ಗೂಡು ಕಟ್ಟಿಕೊಂಡು, ಅದನ್ನು ಹೊತ್ತು ಆಮೆಯ ಹಾಗೆ ಓಡಾಡುತ್ತವೆ. ಗೂಡು ಭಾರ, ಚಲನೆ ನಿಧಾನ, ಆದರೆ ಹೋದ ದಾರಿಯಲ್ಲಿ ಏನೂ ಉಳಿಸುವುದಿಲ್ಲ. ಮೇಫ್ಲೈ ಅನ್ನುವ ಇನ್ನೊಂದು ಕೀಟದ ಮರಿಗಳು ಹಗುರ. ಅವುಗಳಲ್ಲಿ ಹೆಚ್ಚಿನವು ಮೇಲಿನ ಸಡಿಲ ಪದರವನ್ನು ಗುಡಿಸಿದ ಹಾಗೆ ಬಾಚಿಕೊಳ್ಳುತ್ತವೆ. ಇನ್ನು ಗೊದಮೊಟ್ಟೆ, ಸೀಗಡಿ, ಮೀನು.

ಇದರ ಪರಿಣಾಮ ಪಾಚಿಯ ಆಕಾರದಲ್ಲೇ ಕಾಣುತ್ತದೆ. ಮೇಯುವವರಿಲ್ಲದ ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಕಾಡು. ನೆಲಕ್ಕೆ ಅಂಟಿದವು, ಅದರ ಮೇಲೆ ತೊಟ್ಟಿನ ಮೇಲೆ ನಿಂತವು, ಎಲ್ಲಕ್ಕಿಂತ ಮೇಲೆ ಉದ್ದ ನೂಲು. ಬಸವನಹುಳು ತುಂಬಿದ ಕಲ್ಲಿನಲ್ಲಿ ಮೇಲಿನ ಎರಡು ಅಂತಸ್ತು ಮಾಯ. ಉಳಿಯುವುದು ಚಪ್ಪಟೆಯಾಗಿ, ಸ್ಟಿಕ್ಕರ್ ತರಹ ಅಂಟಿಕೊಂಡ ಕೋಕೊನೀಸ್‌ನಂಥ ಡಯಾಟಮ್, ಮತ್ತೆ ಮೇಲಿನ ಭಾಗ ಕಳೆದುಕೊಂಡರೂ ಬುಡ ಉಳಿಸಿಕೊಳ್ಳುವ ಕೆಲವು ಹಸಿರು ಪಾಚಿ.

ಹಾಗಾದರೆ ಮೇಯುವುದು ಪಾಚಿಗೆ ಬರೀ ನಷ್ಟ?

ಒಟ್ಟು ರಾಶಿಗೆ ನಷ್ಟ, ಉಳಿದವರಿಗೆ ಲಾಭವೂ ಇದೆ. ದಪ್ಪ ಪದರದಲ್ಲಿ ಕೆಳಗಿನ ಕೋಶಗಳಿಗೆ ಬೆಳಕೂ ಇಳಿಯುವುದಿಲ್ಲ, ಹೊಸ ನೀರೂ ತಾಗುವುದಿಲ್ಲ. ತಮ್ಮವರ ನೆರಳಲ್ಲೇ ಸೊರಗುತ್ತವೆ. ಮೇಲಿನದ್ದನ್ನು ಯಾರಾದರೂ ತಿಂದು ತೆಗೆದರೆ, ಮೇಲೆ ಕೂತ ಹೂಳು ಸರಿದರೆ, ಉಳಿದ ಒಂದೊಂದು ಕೋಶವೂ ಮೊದಲಿಗಿಂತ ಚುರುಕಾಗಿ ಬೆಳೆಯಬಹುದು. ತಿಂದವರ ಹಿಕ್ಕೆ ಉಚ್ಚೆಯಿಂದ ಸ್ವಲ್ಪ ಗೊಬ್ಬರವೂ ವಾಪಸ್ ಬರುತ್ತದೆ.

ಕೊನೆಗೂ ಯಾವುದು ಮುಖ್ಯ? ಬೆಳಕಾ, ಮೇಯುವವರಾ, ನೀರಿನಲ್ಲಿರುವ ಗೊಬ್ಬರವಾ?

ಒಂದೇ ಹೆಸರು ಹೇಳಿ ಅಂದರೆ ನಾನು ಹೇಳುವುದಿಲ್ಲ, ಹೇಳಿದವರನ್ನು ನಂಬುವುದೂ ಇಲ್ಲ.

ವಾಕರ್ ಬ್ರಾಂಚ್‌ನಲ್ಲೇ ನಡೆದು 1993ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ನೈಟ್ರೋಜನ್, ಫಾಸ್ಫರಸ್ ಕೊಟ್ಟು ನೋಡಿದರು, ಬಸವನಹುಳು ಇಟ್ಟೂ ನೋಡಿದರು, ತೆಗೆದೂ ನೋಡಿದರು. ಹುಳು ಇದ್ದಾಗ ಗೊಬ್ಬರ ಕೊಟ್ಟರೂ ಪಾಚಿಯ ರಾಶಿ ಹೆಚ್ಚೇನೂ ಏರಲಿಲ್ಲ. ಗೊಬ್ಬರವಿಲ್ಲದೆ ಬರೀ ಹುಳು ತೆಗೆದಾಗಲೂ ಏರಿಕೆ ಸಾಧಾರಣ. ಎರಡನ್ನೂ ಒಟ್ಟಿಗೆ ಮಾಡಿದಾಗ ಪಾಚಿ ನಿಜವಾಗಿ ಉಬ್ಬಿತು. ಅಂದರೆ ಒಂದೇ ಬಾಗಿಲಿಗೆ ಎರಡು ಚಿಲಕ. ಬೆಳಕು ಮೂರನೆಯದು. ಕತ್ತಲಲ್ಲಿ ಎಷ್ಟು ಗೊಬ್ಬರ ಸುರಿದರೂ ಅದನ್ನು ಬಳಸಿಕೊಳ್ಳುವ ಶಕ್ತಿ ಪಾಚಿಗೆ ಇರುವುದಿಲ್ಲ.

ಕಾಲವೂ ಸೇರಿದರೆ ಲೆಕ್ಕ ಇನ್ನೂ ತಿರುಗುತ್ತದೆ. ಅಲಾಸ್ಕಾದ ಕುಪಾರುಕ್ ನದಿಗೆ 1983ರಿಂದ ಪ್ರತಿ ಬೇಸಿಗೆ ಸ್ವಲ್ಪ ಸ್ವಲ್ಪ ಫಾಸ್ಫರಸ್ ಬಿಡುತ್ತಾ ಬಂದರು. ಮೊದಲೆರಡು ವರ್ಷ ಡಯಾಟಮ್ ಭರ್ತಿ. ಆಮೇಲೆ ಮೇಯುವ ಕೀಟಗಳು ಹೆಚ್ಚಿ ಪಾಚಿ ಮತ್ತೆ ಇಳಿಯಿತು. ಹೀಗೇ ವರ್ಷಗಳು ಕಳೆದ ಮೇಲೆ ಯಾರೂ ಎದುರು ನೋಡದ ಹಾವಸೆ ಗಿಡ (ಪಾಚಿಯಲ್ಲ, ಇಂಗ್ಲಿಷಿನಲ್ಲಿ ಮಾಸ್ ಅನ್ನುವ ಪುಟ್ಟ ಸಸ್ಯ) ನದಿಯ ತಳವನ್ನೇ ಹಿಡಿದುಕೊಂಡಿತು. ಎರಡು ವರ್ಷಕ್ಕೇ ನಿಲ್ಲಿಸಿದ್ದರೆ ಅವರೂ ಗೊಬ್ಬರ ಹಾಕಿದರೆ ಪಾಚಿ ಬರುತ್ತದೆ ಅಂತ ಬರೆದು ಮುಗಿಸುತ್ತಿದ್ದರು.

ಮೀನು ಇದ್ದರೆ ಪಾಚಿ ಕಡಿಮೆ ಆಗುತ್ತದೆ ಅಲ್ವಾ?

ಯಾವ ಮೀನು ಅನ್ನುವುದರ ಮೇಲೆ ಹೋಗುತ್ತದೆ. ಪಾಚಿ ತಿನ್ನುವ ಮೀನಾದರೆ ಕಡಿಮೆ. ಪಾಚಿ ತಿನ್ನುವವರನ್ನು ತಿನ್ನುವ ಮೀನಾದರೆ ಉಲ್ಟಾ.

ಒಕ್ಲಹೋಮಾದ ಬ್ರೈಯರ್ ಕ್ರೀಕ್‌ನಲ್ಲಿ ಅಕ್ಕಪಕ್ಕದ ಮಡುಗಳೇ ಒಂದು ಹಚ್ಚ ಹಸಿರು, ಇನ್ನೊಂದು ಬೋಳು. ಬೋಳು ಮಡುವಿನಲ್ಲಿ ಸ್ಟೋನ್‌ರೋಲರ್ ಅನ್ನುವ ಪಾಚಿ ಮೇಯುವ ಸಣ್ಣ ಮೀನಿನ ಹಿಂಡು. ಹಸಿರು ಮಡುವಿನಲ್ಲಿ ಅವುಗಳನ್ನು ಹಿಡಿದು ತಿನ್ನುವ ಬಾಸ್ ಮೀನು. ಬೋಳು ಮಡುವಿಗೆ ಬಾಸ್ ತಂದು ಬಿಟ್ಟಾಗ ಸಣ್ಣ ಮೀನು ಕೆಲವು ಹೊಟ್ಟೆ ಸೇರಿದವು, ಉಳಿದವು ತೆಳು ನೀರಿಗೆ ಓಡಿ ಅವಿತುಕೊಂಡವು, ಕೆಲವೇ ವಾರದಲ್ಲಿ ಮಡು ಹಸಿರಾಯಿತು. 1985ರಲ್ಲಿ ಪ್ರಕಟವಾದ ಕೆಲಸ ಇದು.

ಭಯ ಒಂದೇ ಸಾಕು ಅನ್ನುವುದಕ್ಕೆ ನ್ಯೂಜಿಲೆಂಡ್ ನೋಡಿ. ಅಲ್ಲಿ ಹೊರಗಿನಿಂದ ತಂದು ಬಿಟ್ಟ, ಕೀಟ ತಿನ್ನುವ ಟ್ರೌಟ್ ಮೀನು ಇರುವ ಹಳ್ಳಗಳಲ್ಲಿ ಮೇಫ್ಲೈ ಮರಿಗಳು ಹಗಲಲ್ಲಿ ಕಲ್ಲಿನ ಮೇಲ್ಭಾಗಕ್ಕೆ ಬರುವುದನ್ನೇ ಕಡಿಮೆ ಮಾಡಿಕೊಂಡು ರಾತ್ರಿ ಮೇಯುತ್ತವೆ. ಮೇಯುವ ಹೊತ್ತು ಕಡಿಮೆಯಾದಷ್ಟು ಪಾಚಿ ಹೆಚ್ಚು.

ಇನ್ನೂ ಒಂದು ಮೆಟ್ಟಿಲು ಸೇರಿದರೆ ಮತ್ತೆ ಉಲ್ಟಾ. ಕ್ಯಾಲಿಫೋರ್ನಿಯಾದ ಈಲ್ ನದಿಯಲ್ಲಿ ದೊಡ್ಡ ಮೀನು ಸಣ್ಣ ಬೇಟೆಗಾರರನ್ನು ತಿಂದವು, ಸಣ್ಣ ಬೇಟೆಗಾರರ ಕಾಟ ತಪ್ಪಿದ ನೊಣದಂಥ ಕೀಟದ ಮರಿಗಳು ಹೆಚ್ಚಿದವು, ಅವು ಪಾಚಿಯನ್ನು ಮೇಯ್ದು ನೆಲಕ್ಕೆ ಇಳಿಸಿದವು. ಅದನ್ನು ಬಲೆಯ ಪಂಜರ ಇಟ್ಟು 1990ರಲ್ಲಿ ತೋರಿಸಿದ್ದೂ ಮೇರಿ ಪವರ್ ಅವರೇ.

ಬಿಸಿಲಿನ ನೇರಳಾತೀತ ಕಿರಣ ಪಾಚಿಯನ್ನು ಸುಡುತ್ತದಂತೆ, ನಿಜವಾ?

ನಿಜ, ಆದರೆ ಮೇಯುವವರನ್ನು ಅದಕ್ಕಿಂತ ಜಾಸ್ತಿ ಸುಡುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹೊರಗೆ ತೆರೆದ ಕಾಲುವೆಗಳಲ್ಲಿ ನದಿ ನೀರು ಹರಿಸಿ ನೋಡಿದರು. ಮೊದಮೊದಲು ನೇರಳಾತೀತ ಕಿರಣ ಬಿದ್ದ ಕಡೆ ಪಾಚಿ ಕಡಿಮೆ ಇತ್ತು. ಕೆಲವು ವಾರ ಕಳೆದ ಮೇಲೆ ಅಲ್ಲೇ ಜಾಸ್ತಿ! ಪಾಚಿ ತಿನ್ನುವ ಕೀಟದ ಮರಿಗಳು ಆ ಕಿರಣ ತಾಳಲಾರದೆ ಕಡಿಮೆಯಾಗಿದ್ದವು. 1994ರ ಫಲಿತಾಂಶ. ಅರ್ಧಕ್ಕೆ ಎದ್ದು ಮನೆಗೆ ಹೋಗಿದ್ದರೆ ಪೂರ್ತಿ ಉಲ್ಟಾ ತೀರ್ಮಾನ.

ಮೇಯುವವರು ಒಮ್ಮೆಗೇ ಇಲ್ಲವಾದರೆ?

ಪನಾಮಾದ ಎಲ್ ಕೋಪೆಯಲ್ಲಿ ಹಾಗೇ ಆಯಿತು. 2004ರಲ್ಲಿ ಕಪ್ಪೆಗಳ ಚರ್ಮಕ್ಕೆ ಬರುವ ಕೈಟ್ರಿಡ್ ಶಿಲೀಂಧ್ರ ಅಲ್ಲಿಗೆ ತಲುಪಿತು, ಕೆಲವೇ ತಿಂಗಳಲ್ಲಿ ಕಪ್ಪೆ ಕುಸಿದವು, ಹಳ್ಳದಲ್ಲಿ ಗೊದಮೊಟ್ಟೆ ಬಹುಮಟ್ಟಿಗೆ ಖಾಲಿ. ಅದುವರೆಗೆ ಕಲ್ಲು ಚೊಕ್ಕವಾಗಿ ಇಡುತ್ತಿದ್ದವರು ಅವೇ ಅನ್ನುವುದು ಆಗ ಸ್ಪಷ್ಟವಾಯಿತು. ಪಾಚಿ ದಪ್ಪವಾಯಿತು, ಹೂಳು ಸೇರಿಕೊಂಡಿತು. ಮಿಶಿಗನ್‌ನ ಹಳ್ಳಗಳಲ್ಲಿ ಮರಳು ಗೂಡಿನ ಕ್ಯಾಡಿಸ್ ಮರಿಗಳಿಗೆ ಪರಾವಲಂಬಿ ರೋಗ ಬಂದಾಗಲೂ ಪಾಚಿ ಏರಿತು, ಜೊತೆಗೆ ಅದುವರೆಗೆ ಊಟಕ್ಕೆ ಪೈಪೋಟಿ ಮಾಡಲಾಗದೆ ಇದ್ದ ಬೇರೆ ಕೀಟಗಳೂ ಹೆಚ್ಚಿದವು.

ಹಾಗಾದರೆ ಬಸವನಹುಳು ತಂದು ಬಿಟ್ಟರೆ ಹಳ್ಳ ಚೊಕ್ಕ ಆಗುತ್ತದಾ?

ಬೇಡ. ದಯವಿಟ್ಟು ಬೇಡ.

ನ್ಯೂಜಿಲೆಂಡಿನ ಒಂದು ಪುಟಾಣಿ ಬಸವನಹುಳು ಅಮೆರಿಕದ ಪಶ್ಚಿಮ ಭಾಗದ ಹಳ್ಳಗಳಿಗೆ ಸೇರಿಕೊಂಡಿದೆ. ಹೆಣ್ಣು ಒಂದೇ ಇದ್ದರೂ ಗಂಡಿಲ್ಲದೆ ಮರಿ ಹಾಕುತ್ತದೆ. ಕೆಲವು ಕಡೆ ಚದರ ಮೀಟರಿಗೆ ಲಕ್ಷಗಟ್ಟಲೆ. ಆ ಹಳ್ಳದಲ್ಲಿ ಬೆಳೆಯುವ ಪಾಚಿಯ ದೊಡ್ಡ ಪಾಲು ಅವುಗಳ ಬಾಯಿಗೇ ಹೋದರೆ ಉಳಿದ ಜೀವಿಗಳಿಗೆ ಏನು ಸಿಗಬೇಕು?

ಉದ್ದ ಕೂದಲಿನಂಥ ಪಾಚಿಯನ್ನು ಯಾರೂ ತಿನ್ನುವುದಿಲ್ಲ ಯಾಕೆ?

ಸಣ್ಣದಿದ್ದಾಗ ತಿನ್ನುತ್ತಾರೆ. ಉದ್ದ ಆದ ಮೇಲೆ ಬಾಯಿಗೆ ದೊಡ್ಡದು. ಇದು ಓಟದ ಸ್ಪರ್ಧೆ ಇದ್ದ ಹಾಗೆ. ಹಳ್ಳ ಜೋರಾಗಿ ಬಂದು ಕಲ್ಲುಗಳನ್ನು ಉರುಳಿಸಿ ಹೋದ ಮೇಲೆ ಪಾಚಿಯೂ ಹೋಗಿರುತ್ತದೆ, ಮೇಯುವವರೂ ಹೋಗಿರುತ್ತಾರೆ. ಪಾಚಿ ದಿನಗಳಲ್ಲಿ ವಾಪಸ್ ಬರುತ್ತದೆ. ಬಸವನಹುಳುವಿಗೆ ತಿಂಗಳುಗಳೇ ಬೇಕು. ಆ ಸಂದಿಯಲ್ಲಿ ಬಿಸಿಲೂ ಸಿಕ್ಕಿಬಿಟ್ಟರೆ ನೂಲು ಪಾಚಿ ಕೈಗೆ ಸಿಗದಷ್ಟು ಬೆಳೆದುಬಿಡುತ್ತದೆ. ಆಮೇಲೆ ಹುಳುಗಳು ಆ ನೂಲಿನ ಮೇಲೆ ಕೂತ ಡಯಾಟಮ್ ತಿಂದುಕೊಂಡು ಇರುತ್ತವೆ, ನೂಲಿಗೆ ಬಾಯಿ ಹಾಕುವುದು ಕಡಿಮೆ.

ಡಿಡಿಮೊ ಅನ್ನುವ ಡಯಾಟಮ್ ಅಂತೂ ನಿಯಮಕ್ಕೇ ಹೊರಗು. ನೀರು ತಿಳಿ, ಬಿಸಿಲು ಚೆನ್ನಾಗಿದೆ, ಫಾಸ್ಫರಸ್ ತೀರಾ ಕಡಿಮೆ. ಅಂಥ ಕಡೆಯೇ ಅದು ಒದ್ದೆ ಉಣ್ಣೆಯ ಕಂಬಳಿ ಹಾಸಿದ ಹಾಗೆ ಹರಡುತ್ತದೆ. ಕಂಬಳಿಯಲ್ಲಿ ಹೆಚ್ಚಿನದು ಜೀವವಿಲ್ಲದ ತೊಟ್ಟು, ತಿನ್ನುವವರಿಗೆ ಅದರಿಂದ ಪ್ರಯೋಜನ ಇಲ್ಲ.

ದಡದ ಮರ ಕಡಿದರೆ ಏನಾಗುತ್ತದೆ?

ಬೆಳಕು ಏರುತ್ತದೆ, ನೀರು ಬಿಸಿಯಾಗುತ್ತದೆ, ಮಣ್ಣು ಕುಸಿದು ಬರುತ್ತದೆ, ಎಲೆ ಬೀಳುವುದು ನಿಲ್ಲುತ್ತದೆ. ಇವೆಲ್ಲ ಒಟ್ಟಿಗೆ. ಮೊದಮೊದಲು ಮೇಯುವವರಿಗೆ ಹಬ್ಬದೂಟ ಅನ್ನಿಸಬಹುದು. ಆದರೆ ಬೆಳಕು ವಿಪರೀತ, ಗೊಬ್ಬರ ಕಡಿಮೆ ಇರುವ ಕಡೆ ಬೆಳೆದ ಪಾಚಿಯಲ್ಲಿ ಸತ್ವವೂ ಕಡಿಮೆ. ಹೊಟ್ಟೆ ತುಂಬುತ್ತದೆ, ಮೈ ಹಿಡಿಯುವುದಿಲ್ಲ. ಕಂದು ಪದರದ ಜಾಗಕ್ಕೆ ನೂಲು ಪಾಚಿ ಬಂದರೆ ಅದೂ ಇಲ್ಲ. ಹೂಳು ಕೂತರೆ ಕೆರೆದು ತಿನ್ನುವವರ ಬಾಯಿಗೆ ಮಣ್ಣೇ. ನನ್ನ ಅಭಿಪ್ರಾಯ ಕೇಳಿದರೆ, ಪಾಚಿ ಜಾಸ್ತಿಯಾಯಿತು ಅನ್ನುವವರು ಔಷಧಿ ಹುಡುಕುವ ಮುಂಚೆ ತಲೆ ಎತ್ತಿ ನೋಡಬೇಕು, ಮೇಲೆ ಕೊಂಬೆ ಇದೆಯಾ ಅಂತ.

ಪಾಚಿ ಮುಟ್ಟಿದರೆ ಅಪಾಯವಾ?

ಬಹುತೇಕ ಇಲ್ಲ, ಜಾರುವುದು ಬಿಟ್ಟರೆ. ಆದರೆ ಕಡು ಬಣ್ಣದ ಚರ್ಮದಂಥ ಸಯನೋಬ್ಯಾಕ್ಟೀರಿಯಾ ತುಂಡುಗಳು ಕೆಲವೊಮ್ಮೆ ವಿಷ ಮಾಡುತ್ತವೆ. ದಡಕ್ಕೆ ಬಂದು ಬಿದ್ದದ್ದನ್ನು ತಿಂದು ನಾಯಿಗಳು ಸತ್ತಿವೆ. ನಾಯಿ ಜೊತೆಗಿದ್ದರೆ ಕಣ್ಣಿಡಿ.

ನಮ್ಮ ಹಳ್ಳದಲ್ಲಿ ಪಾಚಿಯನ್ನು ತಡೆದಿರುವುದು ಬೆಳಕಾ, ಮೇಯುವವರಾ ಅಂತ ನಾನೇ ನೋಡಬಹುದಾ?

ಧಾರಾಳವಾಗಿ. ಮೊದಲು ಒಂದು ಕಲ್ಲು ಎತ್ತಿ ಓರೆಯಾಗಿ ಬೆಳಕಿಗೆ ಹಿಡಿಯಿರಿ. ಕಂದು ಪದರದ ಮೇಲೆ ಅಂಕುಡೊಂಕು ಗೆರೆ, ಯಾರೋ ಬೆರಳಲ್ಲಿ ಗೀಚಿದ ಹಾಗೆ ಬಿಳಿ ದಾರಿ ಕಂಡರೆ ಅದು ಮೇಯ್ದ ಗುರುತು. ದಾರಿಯ ತುದಿಯಲ್ಲಿ ಬಹಳ ಸಲ ಹುಳುವೇ ಕೂತಿರುತ್ತದೆ. ಕಲ್ಲು ತಿರುಗಿಸಿ ಅಡಿಯನ್ನೂ ನೋಡಿ. ನೋಡಿದ ಮೇಲೆ ಇದ್ದ ಹಾಗೇ ಇಟ್ಟುಬಿಡಿ.

ಆಮೇಲೆ ನಾಲ್ಕು ಹಂಚಿನ ಬಿಲ್ಲೆ ತೆಗೆದುಕೊಳ್ಳಿ, ಹೊಳಪು ಇಲ್ಲದ ಒರಟು ಬಿಲ್ಲೆ. ಎರಡು ಬಿಸಿಲಿಗೆ, ಎರಡು ನೆರಳಿಗೆ. ಪ್ರತಿ ಜೋಡಿಯಲ್ಲಿ ಒಂದನ್ನು ತಳದ ಮೇಲೆ ಇಡಿ, ಇನ್ನೊಂದನ್ನು ಅದೇ ಆಳದಲ್ಲಿ ಸಣ್ಣ ಕಾಲಿನ ಮೇಲೆ ಎತ್ತಿ ನಿಲ್ಲಿಸಿ, ಕಾಲಿಗೆ ಸುತ್ತಲೂ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ತೆವಳುವವರು ಜೆಲ್ಲಿ ದಾಟುವುದಿಲ್ಲ. ಈಜುವ ಮೇಫ್ಲೈ, ಮೀನು ಬರುತ್ತವೆ, ಅದು ಇದರ ಮಿತಿ. ಮೂರು ನಾಲ್ಕು ವಾರ ಬಿಡಿ. ನೆರಳಿನ ಎರಡು ಬಿಲ್ಲೆಯೂ ತೆಳುವಾಗಿದ್ದರೆ ಅಲ್ಲಿ ಬೆಳಕೇ ಸಾಲುತ್ತಿಲ್ಲ. ಬಿಸಿಲಿನಲ್ಲಿ ಎತ್ತರದ್ದು ದಪ್ಪ, ತಳದ್ದು ಬೋಳು ಆಗಿದ್ದರೆ ಹುಳುಗಳ ಕೆಲಸ.

ನಾನು ಮೊದಲ ಸಲ ಮಾಡಿದಾಗ ಎತ್ತರದ ಬಿಲ್ಲೆಯೂ ಬೋಳಾಗಿ ಸಿಕ್ಕಿತು. ಜೆಲ್ಲಿ ಹಾಗೇ ಇತ್ತು. ಬಗ್ಗಿ ನೋಡಿದರೆ ಹರಿದು ಬಂದ ಒಂದು ದೊಡ್ಡ ಎಲೆ ಬಿಲ್ಲೆಗೂ ಪಕ್ಕದ ಕಲ್ಲಿಗೂ ಅಡ್ಡ ಸಿಕ್ಕಿಕೊಂಡು ಸೇತುವೆ ಆಗಿತ್ತು, ಅದರ ಮೇಲೆ ಎರಡು ಬಸವನಹುಳು ಒಂದರ ಹಿಂದೆ ಒಂದು ನಡೆದು ಬರುತ್ತಿದ್ದವು. ಈಗ ಎರಡು ದಿನಕ್ಕೊಮ್ಮೆ ಹೋಗಿ ಎಲೆ ತೆಗೆದು ಬರುತ್ತೇನೆ.